ತುಟಿಯ ಜ್ವರಬೊಕ್ಕೆ: ಮುಂಬಯಿಯ ವೈದ್ಯಚರಿತ್ರೆಯಲ್ಲಿ ಒಂದು ಸಣ್ಣ ವ್ಯಾಧಿ

೧

ದೊಡ್ಡ ವ್ಯಾಧಿಗಳಿಗೆ ಚರಿತ್ರಕಾರರು ದೊರೆಯುತ್ತಾರೆ; ಸಣ್ಣ ವ್ಯಾಧಿಗಳಿಗೆ ದೊರೆಯುವುದು ವಿರಳ. ೧೮೯೬ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗನ್ನು ಕುರಿತು, ೧೯೧೮ರ ಇನ್‌ಫ್ಲುಯೆಂಜವನ್ನು ಕುರಿತು ವಿಪುಲವಾದ ಬರಹವಿದೆ. ಆದರೆ ಜ್ವರ ಬಂದು ಬಿಟ್ಟಾಗ, ಇಲ್ಲವೆ ಬಿಸಿಲಿನಲ್ಲಿ ಅಲೆದು ಬಳಲಿದ ಮರುದಿನ, ತುಟಿಯ ಅಂಚಿನಲ್ಲಿ ಉರಿಯೊಡನೆ ಏಳುವ ಗುಳ್ಳೆಗಳ ಗೊಂಚಲನ್ನು ಕುರಿತು ಯಾರೂ ಹೆಚ್ಚು ಬರೆದಂತಿಲ್ಲ. ಆ ಗುಳ್ಳೆಗಳು ನೀರು ತುಂಬಿ ಒಡೆಯುತ್ತವೆ, ಹಕ್ಕಳೆಗಟ್ಟುತ್ತವೆ, ಎಂಟು ಹತ್ತು ದಿನಗಳಲ್ಲಿ ಸಾಮಾನ್ಯವಾಗಿ ಕಲೆಯನ್ನೂ ಉಳಿಸದೆ ಮಾಯುತ್ತವೆ, ಕೆಲವು ತಿಂಗಳ ತರುವಾಯ ಹೆಚ್ಚುಕಡಿಮೆ ಅದೇ ಸ್ಥಾನದಲ್ಲಿ ಮರಳಿ ಕಾಣಿಸಿಕೊಳ್ಳುತ್ತವೆ. ಪ್ರಾಣಕ್ಕೆ ಎರವಾಗದ, ಆದರೆ ಮುಖದ ಮೇಲೆಯೇ ಮೂಡುವುದರಿಂದ ಮನುಷ್ಯನನ್ನು ನಾಲ್ಕು ಜನರ ಮುಂದೆ ಕುಗ್ಗಿಸುವ ವ್ಯಾಧಿ ಇದು.

ಕನ್ನಡದಲ್ಲಿ ಇದಕ್ಕೆ ನಿಶ್ಚಿತವಾದ ಒಂದೇ ಹೆಸರಿಲ್ಲ. ಜ್ವರದ ಗುಳ್ಳೆ, ಜ್ವರದ ಬೊಕ್ಕೆ, ತುಟಿಯ ಹುಣ್ಣು, ಉಷ್ಣದ ಗುಳ್ಳೆ ಎಂದು ಬಗೆಬಗೆಯಾಗಿ ಕರೆಯುವುದುಂಟು. ಇಂಗ್ಲಿಷಿನಲ್ಲಿ ಪ್ರಚಾರದಲ್ಲಿರುವ ಎರಡು ಹೆಸರುಗಳಲ್ಲಿ 'ಕೋಲ್ಡ್ ಸೋರ್' ಎಂಬುದು ಇದನ್ನು ನೆಗಡಿಗೂ, 'ಫೀವರ್ ಬ್ಲಿಸ್ಟರ್' ಎಂಬುದು ಜ್ವರಕ್ಕೂ ಜೋಡಿಸುತ್ತದೆ. ಮೊದಲನೆಯದು ಶೀತದೇಶದ ಅನುಭವದಿಂದ ಹುಟ್ಟಿದ ಮಾತು. ಅದನ್ನು ಹಾಗೆಯೇ ಕನ್ನಡಿಸಿ 'ಶೀತದ ಹುಣ್ಣು' ಎಂದರೆ ಮುಂಬಯಿಯ ಸೆಕೆಯಲ್ಲಿ ಬಾಳುವವನಿಗೆ ಅರ್ಥ ಹೊಳೆಯಲಾರದು. ಈ ನಗರದಲ್ಲಿ ಇದರ ಚರಿತ್ರೆ ಜ್ವರದ ಚರಿತ್ರೆಯೊಡನೆ ಹೆಣೆದುಕೊಂಡಿರುವುದರಿಂದ 'ಜ್ವರಬೊಕ್ಕೆ' ಎಂಬ ಹೆಸರೇ ಇಲ್ಲಿ ಯುಕ್ತವೆನಿಸುತ್ತದೆ.

ವೈದ್ಯರು ಬಳಸುವ 'ಹರ್ಪಿಸ್' ಎಂಬ ಪದದ ಮೂಲ ಗಮನಾರ್ಹವಾದುದು. ಹರಿದಾಡು, ತೆವಳು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಅದು ನಿಷ್ಪನ್ನವಾಯಿತು. ಆ ಧಾತುವೂ ಸಂಸ್ಕೃತದ 'ಸೃಪ್' ಧಾತುವೂ ಒಂದೇ ಮೂಲದವು. 'ಸರ್ಪ' ಮತ್ತು ಆಯುರ್ವೇದದ 'ವಿಸರ್ಪ' ಎಂಬ ರೋಗನಾಮ ಎರಡೂ ಈ ಧಾತುವಿನಿಂದಲೇ ಬಂದವು. ಕನ್ನಡಿಗರು 'ಸರ್ಪಸುತ್ತು' ಎಂದು ಕರೆಯುವ ವ್ಯಾಧಿಯನ್ನು ಪಾಶ್ಚಾತ್ಯ ವೈದ್ಯರು ಹರ್ಪಿಸ್ ಪಂಗಡಕ್ಕೆ ಸೇರಿಸಿರುವುದನ್ನು ನೋಡಿದರೆ, ದೂರದ ಎರಡು ಜನಾಂಗಗಳು ಒಂದೇ ಲಕ್ಷಣವನ್ನು ಕಂಡು ಒಂದೇ ಧಾತುವಿನ ಪದಗಳಿಂದ ಹೆಸರಿಸಿದುವೆಂಬುದು ವಿದಿತವಾಗುತ್ತದೆ. ಆದರೆ ಪದಗಳ ಬಾಂಧವ್ಯದಿಂದ ರೋಗಗಳು ಒಂದೇ ಆಗಲಾರವು. ಸರ್ಪಸುತ್ತು ಸೀತಾಳೆ ಸಿಡುಬಿನ ವೈರಸ್ಸಿನಿಂದ ಉಂಟಾಗಿ, ಮೈಯ ಒಂದು ಪಾರ್ಶ್ವದಲ್ಲಿ ಪಟ್ಟಿಯಂತೆ ಹಬ್ಬುತ್ತದೆ. ಬಹುಮಟ್ಟಿಗೆ ಬಾಳಿನಲ್ಲಿ ಒಮ್ಮೆ ಬಂದು ಹೋಗುತ್ತದೆ. ತುಟಿಯ ಜ್ವರಬೊಕ್ಕೆಗೆ ಕಾರಣವಾದುದು ಅದೇ ಕುಲದ ಬೇರೊಂದು ವೈರಸ್ಸು, ಹರ್ಪಿಸ್ ಸಿಂಪ್ಲೆಕ್ಸ್. ಮರುಕಳಿಸುವುದೇ ಇದರ ಸ್ವಭಾವ. ಏಕೆ ಮರುಕಳಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಆ ಉತ್ತರದ ಎರಡು ತುದಿಗಳೂ ಒಮ್ಮೆ ಮುಂಬಯಿಯ ಒಬ್ಬನೇ ವೈದ್ಯನ ಕೈಯಲ್ಲಿದ್ದುವೆಂಬುದು ಈ ಕಥೆಯ ಸ್ವಾರಸ್ಯ.

೨

ಪ್ರಾಚೀನರು ತುಟಿಯ ವ್ಯಾಧಿಗಳನ್ನು ಅಲಕ್ಷಿಸಿದವರಲ್ಲ. ಸುಶ್ರುತಸಂಹಿತೆಯಲ್ಲಿ ಬಾಯಿಯ ರೋಗಗಳನ್ನು ಅರವತ್ತೈದಾಗಿ ಎಣಿಸಿದೆ. ಅವುಗಳಲ್ಲಿ ಎಂಟು ಓಷ್ಠರೋಗಗಳು. ಪಿತ್ತದಿಂದ ಉಂಟಾಗುವ ಓಷ್ಠರೋಗವನ್ನು ಹೇಳುವಾಗ, ಸಾಸಿವೆಯ ಕಾಳಿನಂಥ ಗುಳ್ಳೆಗಳು ತುಟಿಯನ್ನು ಮುಸುಕುವುದನ್ನೂ, ಉರಿ ಮತ್ತು ಸ್ರಾವಗಳು ಕೂಡಿರುವುದನ್ನೂ ಅಲ್ಲಿ ವರ್ಣಿಸಲಾಗಿದೆ. ಸಾಸಿವೆಯ ಹೋಲಿಕೆ ಇಂದಿನ ವೈದ್ಯನೂ ಒಪ್ಪುವಷ್ಟು ನಿಖರವಾದುದು. ಆದರೂ ಆ ಲಕ್ಷಣವನ್ನೂ ಇಂದಿನ ಜ್ವರಬೊಕ್ಕೆಯನ್ನೂ ಪೂರ್ಣವಾಗಿ ಒಂದೆನ್ನುವುದು ಸಾಹಸವಾದೀತು. ಬೇರೆ ಬೇರೆ ವ್ಯಾಧಿಗಳು ಆ ಒಂದು ಹೆಸರಿನಡಿ ಸೇರಿರಬಹುದು.

ಇದಕ್ಕಿಂತ ಅರ್ಥಗರ್ಭಿತವಾದ ಮಾತು ಜ್ವರಪ್ರಕರಣದಲ್ಲಿದೆ. ಜ್ವರ ಬಿಟ್ಟವನ ಲಕ್ಷಣಗಳನ್ನು ಹೇಳುವಾಗ ಬೆವರು, ಮೈಯ ಹಗುರ, ಸೀನು, ಅನ್ನದ ಬಯಕೆ ಮುಂತಾದವುಗಳೊಡನೆ ಬಾಯಿ ಹುಣ್ಣಾಗುವುದನ್ನೂ ಆಯುರ್ವೇದದ ಆಚಾರ್ಯರು ಎಣಿಸಿದರು. ರೋಮಿನಲ್ಲಿ ಕ್ರಿ. ಶ. ಸುಮಾರು ೧೦೦ರಲ್ಲಿದ್ದ ಹೆರೊಡೋಟಸ್ ಎಂಬ ವೈದ್ಯನೂ (ಈತ ಪ್ರಸಿದ್ಧ ಇತಿಹಾಸಕಾರನಲ್ಲ) ಜ್ವರಗಳ ಸಂಗಡ ಬಾಯಿಯ ಸುತ್ತ ಏಳುವ ಗುಳ್ಳೆಗಳನ್ನು ಗುರುತಿಸಿದ್ದನು. ಮೈಯೊಳಗಿನ ತಾಪ ಹೊರಬೀಳಲು ತುಟಿಯನ್ನು ಬಾಗಿಲಾಗಿ ಮಾಡಿಕೊಂಡಿತೆಂಬ ಭಾವನೆ ಜನರಲ್ಲಿ ಬೇರೂರಿತು. ಕನ್ನಡ ಮನೆಗಳಲ್ಲಿ ಹಿರಿಯರು ತುಟಿಯ ಗುಳ್ಳೆಯನ್ನು ಕಂಡು 'ಇನ್ನು ಜ್ವರ ಇಳಿಯಿತು' ಎಂದು ಸಮಾಧಾನಪಡುತ್ತಿದ್ದುದು ಈ ಭಾವನೆಯ ಮುಂದುವರಿಕೆಯೇ ಆಗಿದೆ.

ಈ ನಂಬಿಕೆಯಲ್ಲಿ ಅವಲೋಕನ ಸರಿಯಾಗಿತ್ತು, ಕಾರಣ ತಪ್ಪಾಗಿತ್ತು. ಜ್ವರಕ್ಕೂ ಗುಳ್ಳೆಗೂ ಸಂಬಂಧವಿರುವುದು ನಿಜ. ಆದರೆ ಗುಳ್ಳೆ ಜ್ವರದ ನಿರ್ಗಮನವಲ್ಲ. ಜ್ವರದ ಕಾವಿನಿಂದ ಎಚ್ಚೆತ್ತ ಬೇರೊಂದು ರೋಗದ ಆಗಮನ.

೩

ಮುಂಬಯಿ ಮೊದಲಿನಿಂದಲೂ ಜ್ವರದ ಊರು. ಏಳು ದ್ವೀಪಗಳ ನಡುವಣ ಜವುಗು ನೆಲದ ಮೇಲೆ ಕಟ್ಟಿದ ಈ ನಗರದಲ್ಲಿ ಹೊಸಬನ ಆಯುಸ್ಸು ಎರಡು ಮಳೆಗಾಲ ಮಾತ್ರವೆಂಬ ಗಾದೆ ಹದಿನೇಳನೆಯ ಶತಮಾನದ ಆಂಗ್ಲರಲ್ಲಿ ಹುಟ್ಟಿಕೊಂಡಿತ್ತು. ೧೮೪೫ರಲ್ಲಿ ಗ್ರಾಂಟ್ ಮೆಡಿಕಲ್ ಕಾಲೇಜು ಸ್ಥಾಪಿತವಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಪಾಶ್ಚಾತ್ಯ ವೈದ್ಯವನ್ನು ಕಲಿಯಬಯಸಿದ ಆ ಭಾಗದ ಕನ್ನಡಿಗರು ನೋಡಬೇಕಾಗಿದ್ದುದು ಈ ನಗರದತ್ತಲೇ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ತೆರೆದುದು ೧೯೫೭ರಲ್ಲಿ.

ಗ್ರಾಂಟ್ ಕಾಲೇಜಿಗೆ ೧೮೫೮ರಲ್ಲಿ ಬಂದ ಅಧ್ಯಾಪಕರಲ್ಲಿ ಹೆನ್ರಿ ವ್ಯಾಂಡೈಕ್ ಕಾರ್ಟರ್ ಎಂಬವನೊಬ್ಬ. ಆಗ ಅವನಿಗೆ ಇಪ್ಪತ್ತೇಳು ವಯಸ್ಸು. ಅದೇ ವರ್ಷ ಲಂಡನ್ನಿನಲ್ಲಿ ಹೆನ್ರಿ ಗ್ರೇ ಬರೆದ ಶರೀರರಚನಾಶಾಸ್ತ್ರದ ಮಹಾಗ್ರಂಥ ಪ್ರಕಟವಾಯಿತು. ಇಂದಿಗೂ ಹೊಸ ಹೊಸ ಆವೃತ್ತಿಗಳಲ್ಲಿ ಬಾಳುತ್ತಿರುವ ಆ ಗ್ರಂಥದ ಪ್ರಥಮ ಆವೃತ್ತಿಯ ೩೬೩ ಚಿತ್ರಗಳನ್ನು ಬರೆದವನು ಕಾರ್ಟರನೇ. ಪುಸ್ತಕ ಹೊರಬೀಳುವ ಹೊತ್ತಿಗೆ ಚಿತ್ರಕಾರ ಮುಂಬಯಿಗೆ ಬಂದಾಗಿತ್ತು. ಮುಖಕ್ಕೆ ಸ್ಪರ್ಶಜ್ಞಾನವನ್ನು ಕೊಡುವ ಐದನೆಯ ಕಪಾಲನರ, ಮೂರು ಕವಲುಗಳಾಗಿ ಒಡೆದು ಕಣ್ಣಿಗೂ ಮೇಲ್ದವಡೆಗೂ ಕೆಳದವಡೆಗೂ ಹರಿಯುವ ಬಗೆ, ಆ ಮೂರೂ ಕವಲುಗಳು ಕೂಡುವೆಡೆಯಲ್ಲಿ ಕಪಾಲದೊಳಗೆ ಅಡಗಿರುವ ನರಗಂಟು, ಇವನ್ನು ತಲೆಮಾರುಗಳ ವಿದ್ಯಾರ್ಥಿಗಳು ಕಲಿತದ್ದು ಆ ಗ್ರಂಥದಿಂದ.

ಮುಂಬಯಿಯಲ್ಲಿ ಕಾರ್ಟರನ ಲಕ್ಷ್ಯ ಜ್ವರಗಳತ್ತ ಹೊರಳಿತು. ೧೮೭೬-೭೮ರ ಮಹಾಕ್ಷಾಮ ಕಲಾದಗಿ, ಧಾರವಾಡ, ಬೆಳಗಾವಿ ಜಿಲ್ಲೆಗಳೊಡನೆ ದಖ್ಖನಿನ ಬಹುಭಾಗವನ್ನು ಬರಿದುಮಾಡಿದಾಗ, ಹೊಟ್ಟೆಪಾಡಿಗಾಗಿ ಜನ ತಂಡತಂಡವಾಗಿ ಮುಂಬಯಿಗೆ ಬಂದರು. ೧೮೭೭ರಲ್ಲಿ ನಗರದಲ್ಲಿ ಮರುಕಳಿಸುವ ಜ್ವರವೊಂದು ಹಬ್ಬಿತು. ಕಾರ್ಟರ್ ರೋಗಿಗಳ ನೆತ್ತರನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅದರಲ್ಲಿ ಸುರುಳಿಯಾಕಾರದ ಜೀವಾಣುಗಳನ್ನು ಕಂಡು, ೧೮೮೨ರಲ್ಲಿ ಆ ಜ್ವರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ೧೮೮೦ರಲ್ಲಿ ಲಾವೆರಾನ್ ಕಂಡುಹಿಡಿದಿದ್ದ ಮಲೇರಿಯದ ಪರಾವಲಂಬಿಯನ್ನು ಭಾರತದಲ್ಲಿ ದೃಢಪಡಿಸಿದ ಮೊದಲಿಗನೂ ಇವನೇ, ಅದು ೧೮೮೭ರಲ್ಲಿ. ಮರುವರ್ಷ ಸೇವೆಯಿಂದ ನಿವೃತ್ತನಾಗಿ ಸ್ವದೇಶಕ್ಕೆ ತೆರಳಿದ ಕಾರ್ಟರ್ ೧೮೯೭ರಲ್ಲಿ ತೀರಿಕೊಂಡನು.

ಜ್ವರಬೊಕ್ಕೆಯ ದೃಷ್ಟಿಯಿಂದ ಈ ಜೀವನಕ್ಕೆ ವಿಶೇಷ ಅರ್ಥವಿದೆ. ಬೊಕ್ಕೆಗೆ ಕಾರಣವಾದ ವೈರಸ್ಸು ವಾಸಿಸುವುದು ಐದನೆಯ ಕಪಾಲನರದ ಗಂಟಿನಲ್ಲಿ. ಅದನ್ನು ಎಚ್ಚರಿಸುವುದರಲ್ಲಿ ಮಲೇರಿಯದಂಥ ಜ್ವರಗಳು ಅಗ್ರಗಣ್ಯವಾದವು. ನರದ ಚಿತ್ರಕಾರನೂ ಜ್ವರದ ಪರೀಕ್ಷಕನೂ ಒಬ್ಬನೇ ಆಗಿದ್ದನು. ಆದರೂ ಇವೆರಡನ್ನೂ ಕೂಡಿಸುವ ಎಳೆ ಅವನ ಕಾಲದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಇದು ಕಾರ್ಟರನ ದೋಷವಲ್ಲ. ವೈರಸ್ಸೆಂಬ ವಸ್ತುವಿನ ಕಲ್ಪನೆಯೇ ಆಗಿನ್ನೂ ಮೂಡಿರಲಿಲ್ಲ. ಅವನ ಸೂಕ್ಷ್ಮದರ್ಶಕಕ್ಕೆ ಅದು ಗೋಚರಿಸುವಂತೆಯೂ ಇರಲಿಲ್ಲ.

ಆ ಕಾಲದ ವೈದ್ಯರಿಗೆ ಬೊಕ್ಕೆ ಚಿಕಿತ್ಸೆಯ ವಿಷಯವಾಗಿರಲಿಲ್ಲ, ನಿದಾನದ ಸಾಧನವಾಗಿತ್ತು. ಮಲೇರಿಯ ಮತ್ತು ನ್ಯುಮೋನಿಯಗಳಲ್ಲಿ ತುಟಿಯ ಮೇಲೆ ಬೊಕ್ಕೆಗಳೇಳುವುದು ಸಾಮಾನ್ಯ, ಟೈಫಾಯಿಡಿನಲ್ಲಿ ಅಪೂರ್ವ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ವೈದ್ಯಗ್ರಂಥಗಳು ಬೋಧಿಸುತ್ತಿದ್ದುವು. ನೆತ್ತರಿನ ಪರೀಕ್ಷೆ ಎಲ್ಲೆಡೆ ದೊರೆಯದಿದ್ದ ದಿನಗಳಲ್ಲಿ, ಜ್ವರಪೀಡಿತನ ತುಟಿಯನ್ನು ಒಮ್ಮೆ ನೋಡಿಯೇ ವೈದ್ಯನು ಸಂಶಯವನ್ನು ಒಂದು ಕಡೆಗೆ ವಾಲಿಸಬಹುದಾಗಿತ್ತು.

ಮುಂಬಯಿಯಲ್ಲಿ ಅಂಥ ತುಟಿಗಳಿಗೆ ಬರವಿರಲಿಲ್ಲ. ನಗರದ ಮಲೇರಿಯದ ಕಾರಣಗಳನ್ನು ಶೋಧಿಸಿ ಚಾರ್ಲ್ಸ್ ಬೆಂಟ್ಲಿ ೧೯೧೧ರಲ್ಲಿ ಸಲ್ಲಿಸಿದ ವರದಿ, ದೋಷ ಜವುಗಿನಲ್ಲಿ ಮಾತ್ರವಲ್ಲ, ಮನೆಯಂಗಳದ ಬಾವಿಗಳಲ್ಲಿಯೂ ನೀರಿನ ತೊಟ್ಟಿಗಳಲ್ಲಿಯೂ ಮರಿಯಿಡುವ ಅನಾಫಿಲಿಸ್ ಸೊಳ್ಳೆಯಲ್ಲಿದೆಯೆಂದು ತೋರಿಸಿತು. ಬಾವಿಗಳನ್ನು ಮುಚ್ಚಿಸುವ ಕ್ರಮ ಧಾರ್ಮಿಕ ಕಾರಣಗಳಿಂದ ವಿರೋಧವನ್ನೂ ಎದುರಿಸಿತು. ಹೀಗೆ ಮುಂಬಯಿಯಲ್ಲಿ ಬೊಕ್ಕೆಯ ನಿವಾರಣೆಯ ಮೊದಲ ಹೆಜ್ಜೆ, ಯಾರೂ ಹಾಗೆಂದು ಉದ್ದೇಶಿಸದೆಯೇ, ಸೊಳ್ಳೆಯ ನಿವಾರಣೆಯಲ್ಲಿತ್ತು. ಇಂದಿಗೂ ಮಳೆಗಾಲದ ಜ್ವರದ ಹಿಂದೆಯೇ ತುಟಿಯ ಬೊಕ್ಕೆ ಬರುವುದನ್ನು ನಗರದ ವೈದ್ಯರು ಕಾಣುತ್ತಾರೆ.

೪

ಗುಳ್ಳೆಯ ನೀರು ಒಬ್ಬರಿಂದ ಒಬ್ಬರಿಗೆ ರೋಗವನ್ನು ದಾಟಿಸಬಲ್ಲುದೆಂಬುದನ್ನು ಫ್ರಾನ್ಸಿನ ವಿದಾಲ್ ೧೮೯೩ರಲ್ಲಿ ಗುರುತಿಸಿದನು. ಜರ್ಮನಿಯ ನೇತ್ರವೈದ್ಯ ಗ್ರ್ಯೂಟರ್ ೧೯೧೨ರಿಂದ ಮೊಲಗಳ ಕಣ್ಣಿನ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಸ್ಥಿರಪಡಿಸಿದುವು. ೧೯೩೦ರಲ್ಲಿ ಇಂಗ್ಲೆಂಡಿನ ಆಂಡ್ರೂಸ್ ಮತ್ತು ಕಾರ್ಮೈಕೇಲ್ ಎಂಬವರು ವಿಚಿತ್ರವಾದ ಒಂದು ಸಂಗತಿಯನ್ನು ಹೊರಗೆಡಹಿದರು. ಯಾರ ನೆತ್ತರಿನಲ್ಲಿ ಈ ವೈರಸ್ಸನ್ನು ಎದುರಿಸುವ ಪ್ರತಿವಸ್ತುಗಳು ತುಂಬಿದ್ದುವೋ ಅವರಲ್ಲಿಯೇ ಬೊಕ್ಕೆ ಮರುಕಳಿಸುತ್ತಿತ್ತು. ಅವು ಇಲ್ಲದವರಲ್ಲಿ ಮರುಕಳಿಸುತ್ತಿರಲಿಲ್ಲ. ಒಮ್ಮೆ ಸಿಡುಬು ಬಂದು ಗುಣವಾದವನಿಗೆ ಮತ್ತೆ ಬಾರದೆಂಬ ಸಾಮಾನ್ಯ ನಿಯಮಕ್ಕೆ ಇದು ತೀರ ವಿರುದ್ಧವಾಗಿ ಕಂಡಿತು.

ಈ ಒಗಟನ್ನು ಬಿಡಿಸಿದುದು ಎರಡು ದಿಕ್ಕಿನ ಶೋಧನೆಗಳು. ಅಮೆರಿಕದ ಡಾಡ್ ಮತ್ತು ಸಂಗಡಿಗರು ೧೯೩೮ರಲ್ಲಿ, ಎಳೆಯ ಮಕ್ಕಳಲ್ಲಿ ಜ್ವರದೊಡನೆ ಬಾಯಿತುಂಬ ಹುಣ್ಣಾಗುವ ವ್ಯಾಧಿಗೆ ಇದೇ ವೈರಸ್ಸು ಕಾರಣವೆಂದು ತೋರಿಸಿದರು. ಮರುವರ್ಷ ಆಸ್ಟ್ರೇಲಿಯದ ಬರ್ನೆಟ್ ಮತ್ತು ವಿಲಿಯಮ್ಸ್, ಬಾಲ್ಯದಲ್ಲಿ ಹೊಕ್ಕ ವೈರಸ್ಸು ಮೈಯನ್ನು ಬಿಟ್ಟು ಹೋಗದೆ ಜೀವಾವಧಿ ಉಳಿದು, ಜ್ವರವೇ ಮೊದಲಾದ ಪ್ರಚೋದನೆಗಳಿಂದ ಆಗಾಗ ಎಚ್ಚರಗೊಳ್ಳುತ್ತದೆಂದು ಪ್ರತಿಪಾದಿಸಿದರು. ಬಹುಮಂದಿಯಲ್ಲಿ ಮೊದಲ ಸೋಂಕು ಯಾವ ಲಕ್ಷಣವನ್ನೂ ತೋರದೆಯೇ ಕಳೆದುಹೋಗುತ್ತದೆ.

ಉಳಿಯುವುದಾದರೆ ಎಲ್ಲಿ? ಮುಖದ ಶೂಲೆಯ ಶಮನಕ್ಕಾಗಿ ಐದನೆಯ ಕಪಾಲನರದ ಗಂಟಿನ ಮೇಲೆ ಶಸ್ತ್ರಕ್ರಿಯೆ ಮಾಡಿದಾಗ ರೋಗಿಯ ತುಟಿಯಲ್ಲಿ ಬೊಕ್ಕೆಗಳೇಳುವುದನ್ನೂ, ಕತ್ತರಿಸಿದ ಕವಲಿನ ಪ್ರದೇಶದಲ್ಲಿ ಮಾತ್ರ ಅವು ಏಳದಿರುವುದನ್ನೂ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಇಪ್ಪತ್ತನೆಯ ಶತಮಾನದ ಮೊದಲಲ್ಲಿಯೇ ಗಮನಿಸಿದ್ದನು. ೧೯೨೯ರಲ್ಲಿ ಗುಡ್‌ಪ್ಯಾಶ್ಚರ್ ವೈರಸ್ಸಿನ ನೆಲೆ ಆ ನರಗಂಟೇ ಎಂದು ಊಹಿಸಿದನು. ಸ್ಟೀವನ್ಸ್ ಮತ್ತು ಕುಕ್ ೧೯೭೧ರಲ್ಲಿ ಇಲಿಗಳ ನರಗಂಟುಗಳಲ್ಲಿ ಸುಪ್ತ ವೈರಸ್ಸನ್ನು ತೋರಿಸಿದರು. ಮುಂದಿನ ವರ್ಷವೇ ಮನುಷ್ಯರ ನರಗಂಟಿನಲ್ಲಿಯೂ ಅದು ದೊರೆಯಿತು. ಕಾರ್ಟರನ ಕಾಲದಿಂದ ಬೇರೆಬೇರೆಯಾಗಿ ಬಿದ್ದಿದ್ದ ಎರಡು ತುದಿಗಳು ಹೀಗೆ ಒಂದಾದುವು.

ಜ್ವರ, ಪ್ರಖರವಾದ ಬಿಸಿಲು, ತುಟಿಗಾದ ಗಾಯ, ಮುಟ್ಟಿನ ದಿನಗಳು, ತೀವ್ರ ಬಳಲಿಕೆ, ಮನಸ್ಸಿನ ಒತ್ತಡ, ಇವುಗಳಲ್ಲಿ ಯಾವುದಾದರೊಂದು ಒದಗಿದಾಗ ವೈರಸ್ಸು ನರದ ತಂತುವಿನಗುಂಟ ಇಳಿದು ತುಟಿಗೆ ಬರುತ್ತದೆ. ಕಾರ್ಯ ಮುಗಿದ ಮೇಲೂ ಅದರ ಮೂಲ ಗಂಟಿನಲ್ಲಿಯೇ ಇರುತ್ತದೆ. ಅದೇ ಸ್ಥಾನದಲ್ಲಿ ಮರಳಿ ಮರಳಿ ಏಳುವುದಕ್ಕೆ ಇದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೬ರ ಸಾಲಿಗೆ ಮಾಡಿದ ಅಂದಾಜಿನಂತೆ, ಐವತ್ತು ವರ್ಷಕ್ಕೆ ಕೆಳಗಿನ ಸುಮಾರು ೩೭೦ ಕೋಟಿ ಜನರಲ್ಲಿ, ಎಂದರೆ ಆ ವಯಸ್ಸಿನ ಮೂವರಲ್ಲಿ ಇಬ್ಬರಲ್ಲಿ, ಈ ವೈರಸ್ಸಿನ ಮೊದಲನೆಯ ಪ್ರಭೇದ ನೆಲೆಸಿತ್ತು. ಅವರಲ್ಲಿ ಅಲ್ಪಾಂಶಕ್ಕೆ ಮಾತ್ರ ಬೊಕ್ಕೆ ಏಳುತ್ತದೆ.

೫

ಊರು ಬಿಟ್ಟು ಬಂದವರ ಬಾಳಿಗೆ ಈ ಶೋಧನೆಯಿಂದ ಒಂದು ಬೆಳಕು ದೊರೆಯುತ್ತದೆ. ಮಂಗಳೂರಿನಿಂದ ಹಡಗಿನಲ್ಲಿಯೋ ಹುಬ್ಬಳ್ಳಿಯಿಂದ ರೈಲಿನಲ್ಲಿಯೋ ಮುಂಬಯಿಗೆ ಬಂದು, ಹೋಟೆಲಿನ ಅಟ್ಟದಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಓದಿದ ಹುಡುಗನ ತುಟಿಯಲ್ಲಿ ಬೊಕ್ಕೆ ಎದ್ದಾಗ, ತಪ್ಪನ್ನು ಮುಂಬಯಿಯ ನೀರಿನ ಮೇಲೆ, ಹೊರಗಿನ ಊಟದ ಮೇಲೆ, ಸಂಗಡ ಮಲಗಿದವನ ಮೇಲೆ ಹೊರಿಸುವುದು ಸಹಜವಾಗಿತ್ತು. ನಿಜವಾಗಿ ಆ ವೈರಸ್ಸು ಬಹುಮಟ್ಟಿಗೆ ಅವನ ಸಂಗಡ ಊರಿನಿಂದಲೇ ಬಂದದ್ದು. ನಗರ ಒದಗಿಸಿದುದು ಅದನ್ನು ಎಚ್ಚರಿಸುವ ಜ್ವರವನ್ನೂ ನಿದ್ದೆಗೆಟ್ಟ ದುಡಿಮೆಯನ್ನೂ ಮಾತ್ರ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಕನ್ನಡ ಮನೆಗಳಲ್ಲಿ ಎಂಜಲಿನ ನಿಯಮ ಬಲು ಕಟ್ಟುನಿಟ್ಟಾದುದು. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು, ಒಬ್ಬರ ಎಲೆಯದು ಇನ್ನೊಬ್ಬರಿಗೆ ಸಲ್ಲದಿರುವುದು, ಎಂಜಲ ಕೈ ಬಡಿಸುವ ಸೌಟನ್ನು ಮುಟ್ಟದಿರುವುದು, ಇವೆಲ್ಲ ಎಂಜಲಿನಿಂದ ಹರಡುವ ರೋಗಕ್ಕೆ ತಡೆಯಾಗಬೇಕಾಗಿತ್ತಲ್ಲವೆ? ತಡೆ ಇದ್ದುದು ದೊಡ್ಡವರ ನಡುವೆ. ಹಸುಗೂಸಿಗೆ ಎಂಜಲಿನ ಕಟ್ಟು ಅನ್ವಯಿಸುತ್ತಿರಲಿಲ್ಲ. ತಾಯಿ ತನ್ನ ತುಟಿಯಿಂದ ಬಿಸಿ ನೋಡಿ ಉಣಿಸಿದ ತುತ್ತು, ಅಜ್ಜಿ ಕೊಟ್ಟ ಮುತ್ತು, ಇವು ಎಂಜಲಲ್ಲ, ಅಕ್ಕರೆ. ವೈರಸ್ಸು ತಲೆಮಾರಿನಿಂದ ತಲೆಮಾರಿಗೆ ದಾಟಿದುದು ನಿಯಮ ಸಡಿಲಗೊಂಡ ಈ ಅಕ್ಕರೆಯ ಹಾದಿಯಲ್ಲಿಯೇ. ಆದಕಾರಣ ಈ ವ್ಯಾಧಿಗೆ ಅಪರಾಧಿಯನ್ನು ಹುಡುಕುವುದು ವ್ಯರ್ಥ.

ಆದರೂ ಅಪರಾಧಿಯನ್ನು ಹುಡುಕುವುದು ನಿಂತಿಲ್ಲ. ಇದೇ ವೈರಸ್ಸಿನ ಎರಡು ಪ್ರಭೇದಗಳನ್ನು ಜರ್ಮನಿಯ ಶ್ನೆವೈಸ್ ೧೯೬೨ರಲ್ಲಿ ಬೇರ್ಪಡಿಸಿದನು. ಬಹುಮಟ್ಟಿಗೆ ಮೊದಲನೆಯದು ತುಟಿಯಲ್ಲಿಯೂ ಎರಡನೆಯದು ಗುಹ್ಯಾಂಗದಲ್ಲಿಯೂ ಕಾಣುತ್ತದೆ. ಈ ಮೇರೆ ಸಂಪೂರ್ಣವಾದುದಲ್ಲ. ೧೯೮೦ರ ದಶಕದ ಆರಂಭದಲ್ಲಿ ಅಮೆರಿಕದ ಪತ್ರಿಕೆಗಳು ಎರಡನೆಯದನ್ನು ನಡತೆಗೆಟ್ಟವರ ರೋಗವೆಂಬಂತೆ ಬಣ್ಣಿಸಿದಾಗ, 'ಹರ್ಪಿಸ್' ಎಂಬ ಪದಕ್ಕೇ ಕಳಂಕ ಅಂಟಿಕೊಂಡಿತು. ವೈದ್ಯನು ಚೀಟಿಯಲ್ಲಿ ಆ ಪದವನ್ನು ಬರೆದುದನ್ನು ಕಂಡು, ಕೂಸಾಗಿದ್ದಾಗಲೇ ಸೋಂಕು ಪಡೆದ ಹೆಂಗಸು ಗಂಡನನ್ನು, ಗಂಡ ಹೆಂಡತಿಯನ್ನು ಸಂಶಯಿಸುವಂತಾಯಿತು. ಹೆಣ್ಣು ನೋಡುವ ದಿನ ತುಟಿಯ ಮೇಲೆ ಎದ್ದ ಬೊಕ್ಕೆಯನ್ನು ಮರೆಮಾಚಲು ಪಡುವ ಸಂಕಟದ ಬೇರು ಇಂಥ ಅಜ್ಞಾನದಲ್ಲಿದೆ.

ಮನೆಮದ್ದುಗಳ ಬೆಲೆಯನ್ನು ಈ ಜ್ಞಾನದ ಬೆಳಕಿನಲ್ಲಿ ಕಟ್ಟಬಹುದು. ತುಟಿಗೆ ಸವರುವ ಬೆಣ್ಣೆ ತುಪ್ಪಗಳು ಹಕ್ಕಳೆ ಬಿರಿಯದಂತೆ ಕಾಯುತ್ತವೆ. ಎಳನೀರು, ಮಜ್ಜಿಗೆ, ಕೊತ್ತಂಬರಿಯ ಕಷಾಯ ಜ್ವರದಿಂದ ಬಸವಳಿದವನಿಗೆ ಹಿತವಾಗುತ್ತವೆ. ಇವು ಆರೈಕೆ, ಔಷಧವಲ್ಲ. ಉಷ್ಣವೆಂದು ಬದನೆಯನ್ನೋ ಮಾವನ್ನೋ ತ್ಯಜಿಸುವುದರಿಂದ ನರಗಂಟಿನ ವೈರಸ್ಸಿಗೆ ಏನೂ ಆಗದು. ಮಲಗಿದಾಗ ಜೇಡ ಹರಿದಾಡಿತೆಂಬ ನಂಬಿಕೆಗೂ ಆಧಾರವಿಲ್ಲ. ಸುಣ್ಣವನ್ನಾಗಲಿ ಖಾರದ ವಸ್ತುಗಳನ್ನಾಗಲಿ ಹಚ್ಚಿದರೆ ಸುಟ್ಟ ಗಾಯ ಮತ್ತೊಂದಾಗುತ್ತದೆ. ಪಾಶ್ಚಾತ್ಯ ವೈದ್ಯರೂ ಈ ವಿಷಯದಲ್ಲಿ ಹೆಚ್ಚು ಜಾಣರಾಗಿದ್ದವರಲ್ಲ. ಮರುಕಳಿಸುವ ಬೊಕ್ಕೆಗೆ ಸಿಡುಬಿನ ಲಸಿಕೆಯನ್ನು ಮೇಲಿಂದ ಮೇಲೆ ಚುಚ್ಚುವ ಪದ್ಧತಿ ಅವರಲ್ಲಿ ದಶಕಗಳ ಕಾಲ ನಡೆದು, ಪ್ರಯೋಜನವಿಲ್ಲವೆಂದು ಕಂಡ ಮೇಲೆ ನಿಂತಿತು. ಬಣ್ಣವನ್ನು ಹಚ್ಚಿ ಬೆಳಕು ಬೀರುವ ೧೯೭೦ರ ದಶಕದ ಚಿಕಿತ್ಸೆಯ ಗತಿಯೂ ಅದೇ ಆಯಿತು.

೬

ಫಲಕಾರಿಯಾದ ಔಷಧ ಬಂದುದು ೧೯೭೦ರ ದಶಕದಲ್ಲಿ. ಬರೋಸ್ ವೆಲ್‌ಕಮ್ ಸಂಸ್ಥೆಯ ಪ್ರಯೋಗಶಾಲೆಗಳಲ್ಲ��� ಹವರ್ಡ್ ಷೆಫರ್, ಗರ್ಟ್ರೂಡ್ ಎಲಿಯನ್ ಮತ್ತು ಸಂಗಡಿಗರು ಅಸೈಕ್ಲೋವಿರ್ ಎಂಬ ವಸ್ತುವನ್ನು ರೂಪಿಸಿದರು. ಸ್ವತಃ ಅದು ಜಡ. ವೈರಸ್ಸು ವೃದ್ಧಿಗೊಳ್ಳುವಾಗ ಉತ್ಪತ್ತಿಯಾಗುವ ಅದರದೇ ಒಂದು ಕಿಣ್ವವೇ ಅದನ್ನು ವೈರಸ್ಸಿನ ಮಾರಕವನ್ನಾಗಿ ಮಾರ್ಪಡಿಸುತ್ತದೆ. ಆದುದರಿಂದ ಆರೋಗ್ಯವಂತ ಕೋಶಗಳಿಗೆ ತೀರ ಕಡಮೆ ಹಾನಿ. ಎಲಿಯನ್ ೧೯೮೮ರಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರಳಾದಳು.

ಈ ಔಷಧ ಭಾರತದ ಸಾಮಾನ್ಯನ ಕೈಗೆಟುಕಿದುದರಲ್ಲಿ ಮುಂಬಯಿಯ ಪಾತ್ರ ಹಿರಿದು. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಆರಂಭಿಸಿದ ರಾಸಾಯನಿಕ ತಂತ್ರಜ್ಞಾನ ವಿಭಾಗ ಮುಂದೆ ಕನ್ನಡಿಗರ ನೆಚ್ಚಿನ ಮಾಟುಂಗದಲ್ಲಿ ಬೆಳೆದು, ದೇಶದ ಔಷಧೋದ್ಯಮಕ್ಕೆ ತಜ್ಞರನ್ನು ಒದಗಿಸಿತು. ೧೯೩೫ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಸ್ಥಾಪಿಸಿದ ಸಿಪ್ಲಾ ಈ ನಗರದ್ದೇ. ೧೯೭೦ರ ಪೇಟೆಂಟ್ ಕಾಯಿದೆ ಔಷಧವಸ್ತುವಿಗೆ ಏಕಸ್ವಾಮ್ಯವನ್ನು ನಿರಾಕರಿಸಿ, ತಯಾರಿಕೆಯ ವಿಧಾನಕ್ಕೆ ಮಾತ್ರ ರಕ್ಷಣೆ ಕೊಟ್ಟಿತು. ೧೯೭೨ರಲ್ಲಿ ಅದು ಜಾರಿಗೆ ಬಂದಿತು. ಇದರಿಂದ ದೇಶೀಯ ಕಂಪನಿಗಳು ತಮ್ಮದೇ ವಿಧಾನದಿಂದ ಅಸೈಕ್ಲೋವಿರನ್ನು ತಯಾರಿಸುವುದು ಸಾಧ್ಯವಾಯಿತು. ಸಿಪ್ಲಾದ 'ಅಸಿವಿರ್' ಅಂಥವುಗಳಲ್ಲೊಂದು. ಔಷಧವಸ್ತುವಿಗೆ ಪೇಟೆಂಟು ಮರಳಿ ದೊರೆಯತೊಡಗಿದುದು ೨೦೦೫ರಲ್ಲಿ. ಆ ವೇಳೆಗೆ ಅಸೈಕ್ಲೋವಿರ್ ಬಡಾವಣೆಯ ಔಷಧದಂಗಡಿಯ ಸಾಮಾನ್ಯ ಸರಕಾಗಿತ್ತು.

ಆದರೆ ಔಷಧದ ಗುಣದಲ್ಲಿಯೇ ಅದರ ಮಿತಿಯೂ ಅಡಗಿದೆ. ಅದು ಕೊಲ್ಲುವುದು ವೃದ್ಧಿಗೊಳ್ಳುತ್ತಿರುವ ವೈರಸ್ಸನ್ನು, ಗಂಟಿನಲ್ಲಿ ಮಲಗಿರುವುದನ್ನಲ್ಲ. ಆದಕಾರಣ ರೋಗವನ್ನು ಬೇರುಸಹಿತ ಕೀಳುವ ಔಷಧ ಇಂದಿಗೂ ಇಲ್ಲ. ಮೇಲಾಗಿ ವೃದ್ಧಿಯ ಕಾಲ ಬಲು ಹ್ರಸ್ವವಾದುದು. ಗುಳ್ಳೆ ಏಳುವುದಕ್ಕೆ ಕೆಲವು ಗಂಟೆಗಳ ಮುಂಚೆ, ಹೆಚ್ಚೆಂದರೆ ಒಂದು ದಿನ ಮುಂಚೆ, ತುಟಿಯಲ್ಲಿ ಚುಮುಗುಟ್ಟುವಿಕೆ, ತುರಿಕೆ, ಉರಿ ತೋರುತ್ತವೆ. ಔಷಧ ಸಲ್ಲಬೇಕಾದ ಗಳಿಗೆ ಅದೇ. ಆಗ ಶೇಕಡಾ ೫ರ ಅಸೈಕ್ಲೋವಿರ್ ಮುಲಾಮನ್ನು ದಿನಕ್ಕೆ ಐದು ಬಾರಿಯಂತೆ ನಾಲ್ಕೈದು ದಿನ ಹಚ್ಚಿದರೆ ಅಲ್ಪ ಪ್ರಯೋಜನವುಂಟು. ವಯಸ್ಕರಿಗೆ ವಾಲಾಸೈಕ್ಲೋವಿರ್ ಗುಳಿಗೆಯನ್ನು ೧೨ ಗಂಟೆಗಳ ಅಂತರದಲ್ಲಿ ೨ ಗ್ರಾಮಿನಂತೆ ಎರಡು ಸಲ, ಒಂದೇ ದಿನ, ವೈದ್ಯರು ಕೊಡುವುದುಂಟು. ಮೂತ್ರಪಿಂಡದ ದೋಷವಿರುವವರಿಗೆ ಈ ಪ್ರಮಾಣವನ್ನು ಇಳಿಸಬೇಕು. ಇದರಿಂದ ಬೊಕ್ಕೆಯ ಅವಧಿ ಸರಾಸರಿ ಒಂದು ದಿನದಷ್ಟು ಕಡಮೆಯಾಗುತ್ತದೆ. ಹಕ್ಕಳೆಗಟ್ಟಿದ ಮೇಲೆ ಹಚ್ಚಿದ ಮುಲಾಮು ಹಚ್ಚಿದವನ ಸಮಾಧಾನಕ್ಕೆ ಮಾತ್ರ.

ನಗರಜೀವನದ ನ್ಯೂನತೆ ಇಲ್ಲಿಯೇ ಕಾಣುತ್ತದೆ. ಔಷಧ ಅಗ್ಗವಾಯಿತು, ಸಮಯ ಅಗ್ಗವಾಗಲಿಲ್ಲ. ಬೆಳಗಿನ ಲೋಕಲ್ ಗಾಡಿ ಹಿಡಿದು ಹೊರಟವನು ಚುಮುಗುಟ್ಟುವಿಕೆಯನ್ನು ಅಲಕ್ಷಿಸಿ, ಗುಳ್ಳೆ ಒಡೆದ ಮೂರನೆಯ ದಿನ ವೈದ್ಯನ ಬಳಿಗೆ ಹೋಗುತ್ತಾನೆ. ಹೋಟೆಲಿನಲ್ಲಿ ಬಡಿಸುವವನು ಗಿರಾಕಿಗಳ ಮುಂದಿನ ಕೆಲಸ ತಪ್ಪೀತೆಂಬ ಅಂಜಿಕೆಯಿಂದ ಅದನ್ನು ಮರೆಸಿಯೇ ದಿನ ನೂಕುತ್ತಾನೆ. ಪದೇ ಪದೇ ಬೊಕ್ಕೆ ಏಳುವವರು ವೈದ್ಯರ ಸಲಹೆ ಪಡೆದು ಗುಳಿಗೆಗಳನ್ನು ಮುಂಚೆಯೇ ತಂದಿರಿಸಿಕೊಳ್ಳುವುದು ಈ ಕಾರಣದಿಂದ ಅವಶ್ಯ. ವರ್ಷಕ್ಕೆ ಆರು ಬಾರಿಗೂ ಮೀರಿ ಮರುಕಳಿಸುವವರಿಗೆ ಕೆಲವು ತಿಂಗಳ ಕಾಲ ಪ್ರತಿದಿನ ಸಣ್ಣ ಪ್ರಮಾಣದ ಗುಳಿಗೆಯನ್ನು ಕೊಡುವ ಕ್ರಮವೂ ಇದೆ. ಬಿಸಿಲೇ ಪ್ರಚೋದನೆಯಾಗಿರುವವರು ತುಟಿಗೆ ಬಿಸಿಲುತಡೆಯ ಲೇಪನವನ್ನು ಹಚ್ಚಿಕೊಳ್ಳಬೇಕು.

೭

ಈ ವ್ಯಾಧಿಯನ್ನು ಸಣ್ಣದೆಂದು ಕರೆಯುವಾಗ ಕೆಲವು ಅಪವಾದಗಳನ್ನು ಮರೆಯಲಾಗದು. ವೈರಸ್ಸು ಕಣ್ಣಿಗೆ ತಗುಲಿದರೆ ದೃಷ್ಟಿಗೆ ಅಪಾಯ. ಆಗ ವೈದ್ಯನನ್ನು ಕೇಳದೆ ಸ್ಟೆರಾಯಿಡ್ ಹನಿಗಳನ್ನು ಹಾಕುವುದು ಕೇಡನ್ನು ಇಮ್ಮಡಿಸುತ್ತದೆ. ಇಸುಬು ಇರುವವರಲ್ಲಿ ಅದು ಮೈತುಂಬ ಹಬ್ಬಬಹುದು. ಮೈಯ ಪ್ರತಿರೋಧ ಕುಂದಿದವರಲ್ಲಿ ಹುಣ್ಣು ವಾರಗಟ್ಟಲೆ ಮಾಯದೆ ಉಳಿಯಬಹುದು. ಜ್ವರ, ತಲೆನೋವು, ಪ್ರಜ್ಞೆಯ ಗೊಂದಲ, ಸೆಳವು ಇವು ಕೂಡಿ ಬಂದರೆ ಮಿದುಳಿಗೆ ಸೋಂಕು ತಟ್ಟಿರುವ ಶಂಕೆಯಿಂದ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎರಡು ವಾರ ಕಳೆದರೂ ಮಾಯದ ತುಟಿಯ ಹುಣ್ಣನ್ನು ಬೊಕ್ಕೆಯೆಂದೇ ಭಾವಿಸದೆ ಪರೀಕ್ಷಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಹಸುಗೂಸಿನ ವಿಷಯದಲ್ಲಿ. ಹುಟ್ಟಿದ ಮೊದಲ ವಾರಗಳಲ್ಲಿ ಈ ಸೋಂಕು ಮಗುವಿನ ಪ್ರಾಣಕ್ಕೆ ಎರವಾಗಬಲ್ಲುದು. ಊರಿನಿಂದ ಬಾಣಂತನಕ್ಕೆ ಬಂದ ಅಜ್ಜಿಯೇ ಆಗಲಿ, ತೊಟ್ಟಿಲ ದಿನ ಮಗುವನ್ನು ನೋಡಬಂದ ನೆಂಟರೇ ಆಗಲಿ, ತುಟಿಯಲ್ಲಿ ಬೊಕ್ಕೆಯಿದ್ದಷ್ಟು ದಿನ ಕೂಸಿಗೆ ಮುತ್ತಿಡಬಾರದು. ಕೈ ತೊಳೆಯದೆ ಎತ್ತಬಾರದು. ಸಹಪಂಕ್ತಿಯ ದೊಡ್ಡವರಿಗೆ ಕಟ್ಟುನಿಟ್ಟಾಗಿ ವಿಧಿಸಿದ ಎಂಜಲಿನ ನಿಯಮ ನಿಜವಾಗಿ ಸಲ್ಲಬೇಕಾಗಿದ್ದುದು ಈ ತೊಟ್ಟಿಲಿಗೆ. ಬೊಕ್ಕೆ ಇರುವ ದಿನಗಳಲ್ಲಿ ಲೋಟ, ಟವಲು, ಕ್ಷೌರದ ಕತ್ತಿಗಳನ್ನು ಬೇರಿರಿಸಿ, ಗುಳ್ಳೆಯನ್ನು ಮುಟ್ಟಿದ ಕೈಯನ್ನು ಕಣ್ಣಿಗೆ ತಾಗಿಸದೆ ನಡೆದುಕೊಂಡರೆ ಉಳಿದವರ ರಕ್ಷಣೆಗೆ ಬಹುಮಟ್ಟಿಗೆ ಸಾಕು. ಬೊಕ್ಕೆಯವನನ್ನು ಪಂಕ್ತಿಯಿಂದ ಹೊರಗಿಡುವ ಅವಶ್ಯಕತೆಯಿಲ್ಲ.

ಪ್ರಾಚೀನರು ತುಟಿಯ ಗುಳ್ಳೆಯಲ್ಲಿ ಜ್ವರ ಹೊರಟುಹೋದ ಗುರುತನ್ನು ಕಂಡರು. ಹತ್ತೊಂಬತ್ತನೆಯ ಶತಮಾನದ ವೈದ್ಯರು ಜ್ವರದ ಜಾತಿಯನ್ನು ಓದಿದರು. ನೆರೆಹೊರೆಯವರು ನಡತೆಯ ಕಲೆಯನ್ನು ಹುಡುಕಿದರು. ಬಾಲ್ಯದಲ್ಲಿ ಆಪ್ತರಿಂದಲೇ ಬಂದು ನರದಲ್ಲಿ ನೆಲೆನಿಂತ ವೈರಸ್ಸೊಂದು ದಣಿದ ಮೈಯಲ್ಲಿ ಎಚ್ಚೆತ್ತಿದೆಯೆಂಬುದಷ್ಟೇ ಅದರ ನಿಜವಾದ ಅರ್ಥ. ಮುಂಬಯಿಯ ಮನೆ, ಹೋಟೆಲು, ಕಚೇರಿಗಳಲ್ಲಿ ಇದು ತಿಳಿದ ಮಟ್ಟಿಗೆ, ಬೊಕ್ಕೆ ಎದ್ದವನು ಮುಖ ಮರೆಸಿಕೊಳ್ಳುವುದನ್ನು ಬಿಟ್ಟು ಮೊದಲ ಉರಿಯಲ್ಲಿಯೇ ಔಷಧಕ್ಕೆ ಕೈ ಚಾಚಿಯಾನು. ಅವನ ಒಡೆಯನೂ ಎರಡು ದಿನ ಅವನಿಗೆ ಒಳಗಿನ ಕೆಲಸ ಕೊಟ್ಟು, ಕೂಲಿಯನ್ನು ಮುರಿಯದೆ ನಡೆಸಿಕೊಂಡಾನು.